ಎರಡು ಗುಡ್ಡಗಳ ಸಾಕ್ಷಿ

"ನಾಲಿಗೆ ಎತ್ತಮ್ಮ."

"ಎತ್ತಿದ್ದೀನಲ್ಲೇ! ಕಳ್ಳಮಾಲು ಸಾಗಿಸೋ ವಯಸ್ಸೇನೇ ನನ್ನದು?"

ಮಾತ್ರೆ ನುಂಗಿದ ತಾಯಿಯ ಬಾಯನ್ನು ಮಗಳು ಹೀಗೆ ತಪಾಸಣೆ ಮಾಡುವುದು ಆ ಮನೆಯ ನಿತ್ಯದ ಪಾಠ. ಗಂಡ ತೀರಿಕೊಂಡ ಮೇಲೆ ಮುದುಕಿ ಊಟ ನಿದ್ದೆ ಬಿಟ್ಟು ಗೋಡೆ ನೋಡುತ್ತ ಕೂತಿದ್ದಳು. ವೈದ್ಯರು ಖಿನ್ನತೆಗೆ ಮಾತ್ರೆ ಕೊಟ್ಟರು. ಈಗ ಉಣ್ಣುತ್ತಾಳೆ, ಜಗಳವನ್ನೂ ಆಡುತ್ತಾಳೆ. ಆದರೆ ಬೆಳಗ್ಗೆ ದೇವರ ಮುಂದೆ ಕೂತರೆ ಸಾಕು, ಕಣ್ಣೀರು ಧಾರೆ. ಮಾತ್ರೆ ಉಗುಳುತ್ತಿದ್ದಾಳೆಂದು ಮಗಳ ಗುಮಾನಿ.

"ರಕ್ತದಲ್ಲಿ ಔಷಧ ಎಷ್ಟಿದೆ ನೋಡೋಣ. ಕಡಿಮೆಯಿದ್ದರೆ ಹೆಚ್ಚಿಸೋಣ," ಎಂದರು ವೈದ್ಯರು.

ಮುದುಕಿ ಅಳಿಯನ ಹತ್ತಿರ ಗೋಳಾಡಿದಳು. "ಹೆಚ್ಚಿಸಿದರೆ ಮಂಕಾಗಿ ಬಿದ್ದಿರ್ತೀನಿ, ಅಳಿಯಂದಿರೇ. ದೇವರ ಹೆಸರೂ ಬಾಯಿಗೆ ಬರಲ್ಲ."

ಅಳಿಯ ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆ ಪರೀಕ್ಷೆ ಮಾಡುವವನು. ಒಳಗೊಳಗೇ ಅವನಿಗೂ ಹೆಂಡತಿಯ ಗುಮಾನಿಯೇ ನಿಜವೆನಿಸಿತ್ತು.

ಮರುದಿನ ಮಾತ್ರೆಗೆ ಮೊದಲೇ ರಕ್ತ ತೆಗೆದರು. ಅವನು ಅದನ್ನು ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಶೋಧಿಸಿ ಯಂತ್ರಕ್ಕೆ ಕೊಟ್ಟ. ನುಣುಪು ಪುಡಿ ತುಂಬಿದ ಉಕ್ಕಿನ ಕೊಳವೆಯಲ್ಲಿ ಸಾಗುವಾಗ ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಹೊರಬಿದ್ದು, ಪರದೆಯ ಮೇಲೆ ಗುಡ್ಡವಾಗಿ ಏಳುತ್ತದೆ. ಈ ಔಷಧಕ್ಕೆ ಎರಡು ಗುಡ್ಡ. ದೇಹ ಔಷಧವನ್ನು ಅರಗಿಸಿ ಮಾಡಿಕೊಂಡದ್ದು ಮೊದಲು, ಔಷಧ ಆಮೇಲೆ. ಪರೀಕ್ಷೆಗೆ ಹೆದರಿ ನಿನ್ನೆಯಷ್ಟೇ ನುಂಗಿದವರಲ್ಲಿ ಮೊದಲಿನದು ಸರಿಯಾಗಿ ತಲೆಯೆತ್ತುವುದಿಲ್ಲ.

ಗೆರೆ ಚಪ್ಪಟೆಯಾಗಿ ಹರಿಯಿತು. ಗೆರೆ ಮೆಲ್ಲಗೆ ಮೇಲೆದ್ದಿತು, ಏರಿತು, ಗುಡ್ಡವಾಯಿತು. ಪಕ್ಕದಲ್ಲೇ ಇನ್ನೊಂದು. ಎರಡೂ ಇರಬೇಕಾದಷ್ಟೇ ಎತ್ತರ.

ಸಂಜೆ ಮನೆಗೆ ಬಂದವನೇ ಹೇಳಿದ: "ಅತ್ತೆ, ನೀವು ದಿನಾ ನುಂಗಿದ್ದೀರಿ. ರಕ್ತವೇ ಸಾಕ್ಷಿ ಹೇಳಿತು. ಹೆಚ್ಚಿಸೋದು ಬೇಡ ಅಂದರು ಡಾಕ್ಟರು."

"ನಿಮಗೂ ಅನುಮಾನ ಇತ್ತು, ಅಲ್ವೇ?"

ಅಳಿಯ ತನ್ನ ಚಪ್ಪಲಿ ನೋಡಿಕೊಂಡ.

"ಮತ್ತೆ ಯಾಕಮ್ಮ ಅಳ್ತೀಯ?" ಎಂದಳು ಮಗಳು.

"ನಿಮ್ಮಪ್ಪನ್ನ ನೆನೆದು ಅಳದೆ ಪಕ್ಕದ ಮನೆಯವರನ್ನ ನೆನೆದು ಅಳಲೇ? ಮಾತ್ರೆಗೆ ಮೊದಲು ಎದೆ ಕಲ್ಲಾಗಿತ್ತು ಕಣೇ, ಅಳೂ ಬರ್ತಿರಲಿಲ್ಲ. ಈಗ ಅವರನ್ನ ದೇವರಿಗೆ ಒಪ್ಪಿಸಿ ಅಳ್ತೀನಿ. ಎದ್ದಾಗ ಹೊಟ್ಟೆ ಹಸಿಯತ್ತೆ."

ಮರುದಿನ ಬೆಳಗ್ಗೆಯೂ ಅತ್ತಳು, ಕಣ್ಣೊರೆಸಿಕೊಂಡು ಎದ್ದಳು. ಮಗಳು ಮಾತ್ರೆ, ನೀರು ಕೊಟ್ಟಳು. ಮುದುಕಿ ನುಂಗಿ, ತಾನಾಗಿಯೇ 'ಆ' ಎಂದು ಬಾಯಿ ತೆರೆದು ನಾಲಿಗೆ ಎತ್ತಿದಳು.

"ಇನ್ನು ಬೇಡಮ್ಮ."

"ನೋಡೇ! ಅಭ್ಯಾಸವಾಗಿಬಿಟ್ಟಿದೆ. ನೋಡಿ ತಿಂಡಿ ಕೊಡು."