ಶಶಿರೇಖಾಳ ಫೋನಿನ ನಂಬರ್ ಆಟ

ನೆನೆದ ಅವರೆಕಾಳನ್ನು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಬೋಗುಣಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ನಾನು ಎರಡು ಕೈಯಲ್ಲೂ ಹಿತುಕುತ್ತಿದ್ದೆ. ಪಕ್ಕದ ಮನೆಯ ಶಶಿರೇಖಾ ಒಂದು ಕೈಯಲ್ಲಿ ಹಿತುಕುತ್ತಿದ್ದಳು. ಇನ್ನೊಂದರಲ್ಲಿ ಫೋನು.

"ಏನೇ ಅದು, ಆಗ್ಲಿಂದ?" ಎಂದೆ.

"ನಂಬರ್ ಆಟ ಅಜ್ಜಿ. ಒಂದರಿಂದ ಒಂಬತ್ತು. ಸಾಲಲ್ಲಿ ಒಂದ್ಸಲ ಬಂದ ನಂಬರ್ ಇನ್ನೊಂದ್ಸಲ ಬರಂಗಿಲ್ಲ. ಅಡ್ಡಕ್ಕೂ ಅಷ್ಟೆ, ಉದ್ದಕ್ಕೂ ಅಷ್ಟೆ."

ಎದುರು ಮನೆಯ ಬಸವಲಿಂಗಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. "ಗಂಡ ಕುಣಿಗಲ್‌ನಲ್ಲಿ ಕುದ್ರೆ ಫಾರಂ ತಾವ, ಹೆಂಡ್ತಿ ಇಲ್ಲಿ ನಂಬರ್ ತಾವ. ಒಳ್ಳೆ ಜೋಡಿ ಬುಡು ಗಂಗಕ್ಕ."

"ಲದ್ದಿ ಬಾಚೋರಿಗೆ ರೇಸಿನ ಗೊಡವೆ ಯಾಕತ್ತೆ?" ಎಂದು ಶಶಿರೇಖಾ ನಕ್ಕಳು.

ನನಗೆ ನಗು ಬರಲಿಲ್ಲ. ಗುಬ್ಬಿ ಪಕ್ಕದ ನಮ್ಮೂರಿನ ಮಹಿಳಾ ಹಾಲಿನ ಸಂಘಕ್ಕೆ ನಾನು ಅಧ್ಯಕ್ಷೆ. ಶಶಿರೇಖಾಳನ್ನು ಕಾರ್ಯದರ್ಶಿ ಮಾಡುತ್ತೇವೆ, ತರಬೇತಿಗೆ ಸೇರಿಸಿಕೊಳ್ಳಿ ಎಂದು ತುಮಕೂರಿನ ಕಚೇರಿಗೆ ದೀಪಾವಳಿಯಲ್ಲಿ ಬರೆದ ಪತ್ರ, ಅವಳು ಸದಾ ಫೋನು ಒತ್ತುವುದನ್ನು ಕಂಡು ಕಳಿಸಲು ಮನಸ್ಸಾಗದೆ, ಅವರೆಕಾಯಿ ಕಾಲ ಬಂದರೂ ನನ್ನ ಟ್ರಂಕಿನಲ್ಲೇ ಇತ್ತು. ಕೆಲಸ ಸಿಕ್ಕರೆ ಅವಳು ಊರಲ್ಲೇ ಇರುತ್ತಾಳೆ. ಇಲ್ಲವಾದರೆ ದಿನಾ ಬಸ್ಸು ಹತ್ತಿ ತುಮಕೂರು ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಗೆ ಹೋಗಬೇಕು, ಕೂಸು ಯಾರದೋ ಮನೆಯಲ್ಲಿ. ಅದೆಲ್ಲ ನನಗೆ ಗೊತ್ತು. ಆದರೆ ಊರ ಹೆಂಗಸರ ಹಾಲಿನ ದುಡ್ಡು ಹೋಗಿ ಸೇರುವುದು ಅದೇ ಕೈಗೆ. ಆ ಕೈ ನಂಬರ್ ಒತ್ತುವ ಕೈಯಾದರೆ?

ನನ್ನ ಮೈದುನ ಕರಿಸಿದ್ದಪ್ಪ ಒಂದಂಕಿ ಲಾಟರಿಗೆ ಹಟ್ಟಿಯ ಎಮ್ಮೆಗಳನ್ನು ಕಳೆದವನು. ನಾಳೆಯ ನಂಬರ್ ಹೇಳುತ್ತಾರಂತೆ ಎಂದು ಯಾವುದೋ ಸಾಧುವನ್ನು ಹುಡುಕಿಕೊಂಡು ದೇವರಾಯನದುರ್ಗ ಹತ್ತಿದ್ದ. ಸರ್ಕಾರ ಲಾಟರಿ ನಿಲ್ಲಿಸಿತು ನಿಜ. ಈಗ ಫೋನಿನಲ್ಲೇ ನಂಬರ್ ಕಟ್ಟಿ ದುಡ್ಡು ಹಾಕುತ್ತಾರೆ ಎಂದು ಬಸ್ಸಿನಲ್ಲಿ ಮಾತಾಡುತ್ತಿದ್ದರು.

ಗುಬ್ಬಿ ಸಂತೆಗೆ ಹೋದಾಗ, ಶಶಿರೇಖಾಳಿಗೆ ಆ ಆಟ ಹಾಕಿಕೊಟ್ಟ ತಿಮ್ಮೇಶನ ಮೊಬೈಲ್ ಅಂಗಡಿಯ ಮುಂದೆ ನಿಂತೆ.

"ಆ ನಂಬರ್ ಆಟದಲ್ಲಿ ಗೆದ್ರೆ ಏನಪ್ಪಾ ಬರ್ತದೆ?"

"ಏನೂ ಬರಲ್ಲ ಅಜ್ಜಿ."

"ಸೋತ್ರೆ?"

"ಏನೂ ಹೋಗಲ್ಲ. ಡೌನ್‌ಲೋಡ್ ಮಾಡಕ್ಕೆ ಹತ್ತ್ ರೂಪಾಯಿ, ಅಲ್ಲಿಗ್ ಮುಗೀತು. ಒಂದ್ಸಲ ಆಡಿ ನೋಡಿ, ನೀವೂ ಬುಡಲ್ಲ."

ಬರುವುದೂ ಇಲ್ಲ, ಹೋಗುವುದೂ ಇಲ್ಲ, ಆದರೂ ಬಿಡುವುದಿಲ್ಲವಂತೆ. ಇವನು ಏನೋ ಮುಚ್ಚಿಡುತ್ತಿದ್ದಾನೆ ಅನ್ನಿಸಿತು. ಲಾಟರಿ ಮಾರುತ್ತಿದ್ದವರೂ ಹೀಗೇ, ಒಂದ್ಸಲ ಆಡಿ ನೋಡಿ ಅನ್ನುತ್ತಿದ್ದರು. ಊರಿಗೆ ಬಂದವಳೇ ಪತ್ರವನ್ನು ಸೀರೆಗಳ ಅಡಿಗೆ ತಳ್ಳಿದೆ.

ಅದೇ ವಾರ ಒಂದು ಸಂಜೆ ಶಶಿರೇಖಾ ಡೇರಿಗೆ ಹಾಲು ತಂದವಳು ಫೋನನ್ನು ಬೆಂಚಿನ ಮೇಲಿಟ್ಟು, ಕ್ಯಾನು ಎತ್ತಿಸಲು ಹೊರಗೆ ಹೋದಳು. ನಾನು ಫೋನು ತೆಗೆದುಕೊಂಡೆ. ಒಂದು ಗುಂಡಿ ಒತ್ತಿದೆ, ಇಂಗ್ಲಿಷಿನಲ್ಲಿ ಏನೋ ಬಂತು. ಇನ್ನೊಂದು ಒತ್ತಿದೆ. ಆಟದ ಚೌಕದಲ್ಲಿ ಖಾಲಿ ಇದ್ದ ಮನೆಗಳಲ್ಲೆಲ್ಲ ಒಮ್ಮೆಗೇ ನಂಬರ್ ತುಂಬಿಕೊಂಡವು. ಸಿಕ್ಕಿಬಿದ್ದಳು, ಇದೇ ಇವತ್ತಿನ ನಂಬರು ಅಂದುಕೊಂಡೆ.

ಒಳಗೆ ಬಂದ ಶಶಿರೇಖಾ ಫೋನು ನೋಡಿ ಕೂಗಿಯೇಬಿಟ್ಟಳು. "ಅಯ್ಯೋ, ಏನ್ ಮಾಡ್ಬುಟ್ರಿ ಅಜ್ಜಿ! ಉತ್ತರ ತೋರ್ಸೋದನ್ನೇ ಒತ್ಬುಟ್ಟಿದೀರಲ್ಲ!"

"ಎಲ್ಲಾ ತುಂಬ್ತಲ್ಲೇ. ಇನ್ನೇನ್ ಬೇಕು?"

"ಅದೇ ತುಂಬ್ಕಂತು, ನಾನ್ ತುಂಬಿದ್ದಲ್ಲ! ಭಾನುವಾರದಿಂದ ತಲೆ ಕೆಡಿಸ್ಕಂಡಿದ್ದೆ. ಆ ಗುಂಡಿ ಇರೋದ್ ಗೊತ್ತಿದ್ರೂ ಒಂದಿನ ಮುಟ್ಟಿರ್ಲಿಲ್ಲ. ದೊಡ್ಡೋರು ಅಂತ ಸುಮ್ಕಿದೀನಿ, ಬೇರೆ ಯಾರಾದ್ರೂ ಆಗಿದ್ರೆ..." ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಅವಳ ಮುಖವನ್ನೇ ನೋಡುತ್ತ ಕೂತೆ. ಕರಿಸಿದ್ದಪ್ಪ ಒಂದೇ ಒಂದು ನಂಬರಿಗಾಗಿ ಕಂಡಕಂಡವರ ಕಾಲಿಗೆ ಬಿದ್ದಿದ್ದ. ಇವಳಿಗೆ ಅಷ್ಟೂ ನಂಬರ್ ಬಿಟ್ಟಿ ಸಿಕ್ಕವು, ಸಿಕ್ಕಿಬಿಟ್ಟವಲ್ಲ ಎಂದು ಅಳುತ್ತಿದ್ದಾಳೆ. ಜೂಜಿನವರು ಇದಕ್ಕೆ ಅತ್ತದ್ದನ್ನು ನಾನು ಕಂಡಿಲ್ಲ.

"ಹೊಸದೊಂದ್ ತೆಗಿ. ನಂಗೂ ತೋರ್ಸು," ಎಂದೆ. ಆಗಲೂ ಪೂರ್ತಿ ನಂಬಿರಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಏಳು ಎಲ್ಲಿ ಬರಬೇಕು ಎಂದು ಅಡ್ಡಕ್ಕೆ ನೋಡಿದೆ, ಉದ್ದಕ್ಕೆ ನೋಡಿದೆ. ಒಂದೇ ಮನೆ ಉಳಿದಿತ್ತು. ಒತ್ತಿದೆ. ಯಾರೂ ಏನೂ ಕೊಡಲಿಲ್ಲ. ಆದರೂ ಎಂಟರ ಮನೆ ಹುಡುಕತೊಡಗಿದೆ.

"ತಿಮ್ಮೇಶ ಹೇಳಿದ್ದು ಸುಳ್ಳಲ್ಲ ಕಣೇ."

"ನನ್ ಫೋನ್ ಕೊಡಿ ಅಜ್ಜಿ, ಮನೇಗ್ ಹೋಗ್ಬೇಕು."

ಮಾರನೆಯ ದಿನ ಪತ್ರ ತೆಗೆದುಕೊಂಡು ಬಸ್ಸಿಗೆ ನಿಂತೆ. ಬಸವಲಿಂಗಮ್ಮ ಕೇಳಿದಳು, "ಎತ್ಲಾಗೆ ಗಂಗಕ್ಕ?"

"ನಂಬರ್ ಕಟ್ಟಕ್ಕೆ," ಎಂದೆ. ಅವಳು ಬಾಯಿ ತೆರೆದು ನಿಂತಿರುವಾಗಲೇ ಬಸ್ಸು ಬಂತು.

ಗುಬ್ಬಿ ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ ಮಾಡಿಸಿದೆ. "ಆಯ್ತಮ್ಮ, ಹೊರಡಿ," ಎಂದರು ಕೌಂಟರಿನವರು. ತುಮಕೂರಿಗೆ ಹೋಗುವ ಚೀಲಕ್ಕೆ ನನ್ನ ಪತ್ರ ಬಿದ್ದು, ಚೀಲದ ಬಾಯಿ ಕಟ್ಟುವವರೆಗೂ ನಾನು ಅಲ್ಲೇ ನಿಂತಿದ್ದೆ.