ಸೋರಾಳ ಹೆಸರಿನ ಮುಡಿ

ಗಂಗೋತ್ರಿಗೆ ಹೆದರಿಕೆ ಶುರುವಾದದ್ದು ಸಂತೋಷದ ಸುದ್ದಿ ಬಂದ ದಿನವೇ. ವಿಯೋರಾ ಎನ್ನುವುದು ಕೊರಿಯಾದ ಐದು ಹುಡುಗಿಯರ ಹಾಡಿನ ತಂಡ. ಅದರಲ್ಲಿ ಸೋರಾ ಎಂಬವಳ ಕಾಲು ಮುರಿದು, ಹೊಸ ಆಲ್ಬಂ ಅವಳಿಲ್ಲದೆಯೇ ಬಿಡುಗಡೆಯಾಗಿ, ದೇಶದೇಶಗಳ ಪ್ರವಾಸಕ್ಕೂ ಅವಳು ಬರುವುದಿಲ್ಲವೆಂದು ಕಂಪನಿಯವರು ಸಾರಿದ್ದರು. ಸಾಸ್ವೆಹಳ್ಳಿಯಿಂದ ಹೊನ್ನಾಳಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಗಂಗೋತ್ರಿ ಅತ್ತೂ ಅತ್ತೂ ಸಾಕಾಗಿ, ಕೊನೆಗೆ ಊರಮ್ಮನ ಗುಡಿಗೆ ಹೋಗಿ ಹರಕೆ ಹೊತ್ತುಬಿಟ್ಟಳು: ಸೋರಾ ಮತ್ತೆ ವೇದಿಕೆ ಹತ್ತಿದರೆ ನನ್ನ ಮುಡಿ ನಿನಗೆ, ತಾಯಿ.

ಸೋರಾ ಹತ್ತಿದಳು. ಸಿಯೋಲ್‌ನ ಮೊದಲ ಕಾರ್ಯಕ್ರಮದಲ್ಲೇ ಹತ್ತಿ ಕುಣಿದಳು. ಮೊಬೈಲಿನಲ್ಲಿ ಅದನ್ನು ಕಂಡು ತಾನೂ ಕುಣಿದ ಗಂಗೋತ್ರಿಯ ಕೈ ತಾನಾಗಿಯೇ ಜಡೆಗೆ ಹೋಯಿತು.

ಅದು ಅಂತಿಂಥ ಜಡೆಯಲ್ಲ. ಅವಳ ಅವ್ವ ಉಚ್ಚಂಗೆಮ್ಮ ಭಾನುವಾರ ಭಾನುವಾರ ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ, ಸೊಂಟ ದಾಟುವಂತೆ ಬೆಳೆಸಿದ್ದು. ಮದುವೆಮನೆಗಳಲ್ಲಿ ಮಗಳನ್ನು ಬೆನ್ನು ತಿರುಗಿಸಿ ನಿಲ್ಲಿಸಿ ತೋರಿಸುವಷ್ಟು ಹೆಮ್ಮೆ ಆ ತಾಯಿಗೆ. ಯಾರೋ ಕೊರಿಯಾದವಳಿಗಾಗಿ ತಲೆ ಬೋಳಿಸಿಕೊಳ್ಳುತ್ತೇನೆಂದು ಅವಳ ಮುಂದೆ ಬಾಯಿ ಬಿಡುವುದಾದರೂ ಹೇಗೆ? ಹೊರುವಾಗ ಹುಡುಗಿಗೆ ಇದು ಹೊಳೆಯಲಿಲ್ಲ. ಹರಕೆ ಹೊರುವವರಿಗೆ ಯಾವತ್ತು ತಾನೆ ಹೊಳೆದಿದೆ! ಪರೀಕ್ಷೆ ಮುಗಿಯಲಿ ಎಂದಳು, ಶ್ರಾವಣ ಕಳೆಯಲಿ ಎಂದಳು, ಹಾಗೇ ದಿನ ದೂಡಿದಳು.

ತಂಡ ಟೋಕಿಯೊ, ಮನಿಲಾ, ಜಕಾರ್ತಾ ಎಂದು ಊರೂರು ಸುತ್ತುತ್ತಿತ್ತು. ಉಳಿದ ಅಭಿಮಾನಿಗಳು ಹಾಡು ಕೇಳಿದರೆ ಇವಳು ಸೋರಾಳ ಕಾಲನ್ನೇ ನೋಡುತ್ತಾ ಕೂರುತ್ತಿದ್ದಳು. ಹಾಡು ಮುಗಿದರೆ, ಅಬ್ಬಾ, ಇವತ್ತಿಗೆ ಉಳಿದಳು ಎಂದು ನಿಟ್ಟುಸಿರು. ಬ್ಯಾಂಕಾಕಿನಲ್ಲಿ ಸೋರಾ ಹಾಡಿನ ನಡುವೆಯೇ ಕಾಲು ಹಿಡಿದುಕೊಂಡು ಕುಸಿದಳು. ಸಿಂಗಾಪುರಕ್ಕೆ ಬರುವುದು ಅನುಮಾನ ಎಂಬ ಸುದ್ದಿ ಬಂತು. ತಾನು ಹರಕೆ ತೀರಿಸದ ತಪ್ಪಿಗೇ ಹೀಗಾಯಿತೆಂದು ಗಂಗೋತ್ರಿಗೆ ಖಾತ್ರಿಯಾಗಿತ್ತು.

ಬಸ್ಸಿನಲ್ಲಿ ಗೆಳತಿ ಪವಿತ್ರಳಿಗೆ ಎಲ್ಲ ಹೇಳಿಕೊಂಡಳು.

“ಅಲ್ಲ ಕಣೆ, ನಮ್ಮ ಊರಮ್ಮಗೆ ಬ್ಯಾಂಕಾಕ್ ಎಲ್ಲೈತೆ ಅಂತ ಗೊತ್ತೇನೆ?” ಎಂದು ಪವಿತ್ರ ಕಿಸಕ್ಕನೆ ನಕ್ಕಳು.

“ನಮ್ಮನೆ ಎಲ್ಲೈತೆ ಅಂತ ಗೊತ್ತಲ್ಲ,” ಎಂದಳು ಗಂಗೋತ್ರಿ.

ಮಂಗಳವಾರ ಬೆಳಿಗ್ಗೆ ಅವಳು ಹೊನ್ನಾಳಿ ಬಸ್ಸು ಹತ್ತಲಿಲ್ಲ. ಗುಡಿಯ ಮುಂದಿನ ಬೇವಿನ ಮರದಡಿ ಮುಡಿ ತೆಗೆಯುವ ಗಾದ್ರಪ್ಪನ ಮುಂದೆ ಹೋಗಿ ಕುಳಿತಳು.

“ಮನೇರು ಯಾರೂ ಬಂದಿಲ್ವೇನವ್ವ?”

“ಬರ್ತಾರೆ, ನೀವು ಶುರು ಮಾಡ್ರಿ.”

ಗಾದ್ರಪ್ಪ ಕಾಲ ಕಂಡ ಮನುಷ್ಯ. ನೀರು ತರುತ್ತೇನೆಂದು ಹೋದವನು ಅವಳ ಮನೆಗೆ ಫೋನು ಮಾಡಿಯೇ ಬಂದ. ಬಂದು, ತಲೆಗೆ ನೀರು ಹಾಕಿ ನಿಧಾನವಾಗಿ ನೆನೆಸುತ್ತಾ ಹೊತ್ತು ಕಳೆದ. ಕತ್ತಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಉಚ್ಚಂಗೆಮ್ಮ ಏದುಸಿರು ಬಿಡುತ್ತಾ ಬಂದೇಬಿಟ್ಟಳು. ಕೈಯಲ್ಲಿ ರೊಟ್ಟಿಹಿಟ್ಟು ಹಾಗೇ ಮೆತ್ತಿತ್ತು.

“ಯಾರ ಹೆಸರಿಗೇ ಇದು?”

ಕಣ್ಣು ಮುಚ್ಚಿಕೊಂಡು ಗಂಗೋತ್ರಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹೇಳಿ ಏಟಿಗೆ ಕಾದಳು. ಏಟು ಬೀಳಲಿಲ್ಲ.

“ಹೋದ ವರ್ಷ ದಾವಣಗೆರೇಲಿ ನಂಗೆ ಆಪರೇಷನ್ ಆತಲ್ಲ,” ಅವ್ವ ಮೆಲ್ಲಗೆ ಕೇಳಿದಳು, “ಆವಾಗ ಏನ್ ಹೊತ್ಕಂಡಿದ್ದೆ?”

“ಒಂದು ತೆಂಗಿನಕಾಯಿ.”

“ಒಡಿಸಿದ್ಯಾ?”

ಗಂಗೋತ್ರಿ ಒಡೆಸಿರಲಿಲ್ಲ. ಅವ್ವ ಮನೆಗೆ ಬಂದಳಲ್ಲ ಎಂಬ ಖುಷಿಯಲ್ಲಿ ಮರೆತವಳು ಈ ಗಳಿಗೆಯವರೆಗೂ ಮರೆತೇ ಇದ್ದಳು.

“ಹೋಗ್ಲಿ ಬಿಡು,” ಎಂದಳು ಉಚ್ಚಂಗೆಮ್ಮ. ಮಗಳೆದುರು ಕುಕ್ಕರಗಾಲಲ್ಲಿ ಕುಳಿತು, ಹಿಟ್ಟಿನ ಕೈಗಳಿಂದಲೇ ಅವಳ ತಲೆಯನ್ನು ಹಿಡಿದಳು. “ಹೊತ್ತಿದ್ದು ಹೊತ್ತಾತು. ತೆಗೀರಿ ಗಾದ್ರಪ್ಪಣ್ಣ. ಅಲ್ಲಾಡಬ್ಯಾಡ ಕಣೆ, ಕತ್ತಿ ತಾಗ್ತೈತೆ.”

ಆದರೆ ಗಂಗೋತ್ರಿಯ ಕಣ್ಣ ಮುಂದೆ ಈಗ ಸೋರಾಳ ಕಾಲಿರಲಿಲ್ಲ, ದಾವಣಗೆರೆಯ ಆಸ್ಪತ್ರೆ ಇತ್ತು. ಅವ್ವನ ಎರಡೂ ಮುಂಗೈಗಳನ್ನು ಬಿಗಿಯಾಗಿ ಹಿಡಿದುಕೊಂಡು, “ಮೊದ್ಲು ಕಾಯಿ ಒಡಿಸಾಣ ಅವ್ವ, ಈಗ್ಲೇ ಒಡಿಸಾಣ,” ಎಂದು ಅಳತೊಡಗಿದಳು.