ಕರೆಂಟ್ ಹೋದಾಗ ಬರುವ ಸದ್ದು

ಕರೆಂಟ್ ಹೋಯಿತು. ಕೊಳ್ಳೇಗಾಲದ ಆ ನೇಕಾರರ ಬೀದಿಯ ಅಷ್ಟೂ ಪವರ್‌ಲೂಮುಗಳು ಒಂದೇ ಏಟಿಗೆ ಬಾಯಿ ಮುಚ್ಚಿದವು. ಚೌಡೇಶನ ಕಿವಿಯೊಳಗಿನ ಸದ್ದು ಮಾತ್ರ ಮುಚ್ಚಲಿಲ್ಲ. ಹನ್ನೊಂದು ದಿನದಿಂದ ಹೀಗೇ, ಕುಯ್ಯ್ ಅಂತ, ಒಣಗಿದ ಬೇರಿಂಗ್ ತಿರುಗಿದ ಹಾಗೆ. ಮೊದಲ ದಿನ ಮೋಟಾರಿನದೇ ಇರಬೇಕೆಂದು ಬಿಚ್ಚಿ ಗ್ರೀಸ್ ಮೆತ್ತಿದ್ದ. ಮೋಟಾರು ಚೂರುಚೂರಾಗಿ ಗೋಣಿಚೀಲದ ಮೇಲೆ ಬಿದ್ದಿರುವಾಗಲೂ ಅದು ತಿರುಗುತ್ತಲೇ ಇತ್ತು. ಅಂದಿನಿಂದ ಅವನಿಗೆ ಅನ್ನ ಇಳಿದಿಲ್ಲ. ತಲೆ ಕೆಟ್ಟಿತೇ? ಯಾರ ಹತ್ತಿರ ಹೇಳುವುದು?

ಸ್ವಲ್ಪ ಹೊತ್ತಿನ ಮುಂಚೆ ಮೇಘನಾ ಎಂಬ ಹುಡುಗಿ ಟ್ಯಾಬ್ ಹಿಡಿದು ಮನೆಮನೆಯ ಕಿವಿ ಸರ್ವೆಗೆ ಬಂದು, "ಬೇರೆಯವರಿಗೆ ಕೇಳಿಸದ ಸದ್ದು ನಿಮಗೆ ಕೇಳಿಸ್ತದಾ?" ಅಂತ ಕೇಳಿದ್ದಳು.

"ಇಲ್ಲ" ಅಂದಿದ್ದ ಅಪ್ಪ ದೇವಣ್ಣ. ಅಪ್ಪನೆದುರು ಚೌಡೇಶನೂ "ಇಲ್ಲ" ಅಂದಿದ್ದ.

"ಲೋಕದಲ್ಲಿ ದೊಡ್ಡವರೊಳಗೆ ಏಳು ಜನಕ್ಕೊಬ್ಬರಿಗೆ ಇರ್ತದಂತೆ. ನಿಮ್ಮ ಬೀದೀಲಿ ಇಪ್ಪತ್ಮೂರು ಮನೆ ಆಯ್ತು, ಒಬ್ರಿಗೂ ಇಲ್ಲ. ಪುಣ್ಯವಂತರು."

ಪುಣ್ಯವಂತರಂತೆ! ಅವಳ ಟ್ಯಾಬನ್ನು ಕಿತ್ತು ಚರಂಡಿಗೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಇಪ್ಪತ್ತಮೂರು ಮನೆಗೆ ಕಿವಿ ಕೆಟ್ಟವನು ತಾನೊಬ್ಬನೇ.

ಈಗ ಅಪ್ಪನ ಕೈ ಬ್ಯಾಟರಿ ರೇಡಿಯೋ ಕಡೆ ಹೋಯಿತು. ಪಕ್ಕದ ಮನೆಯ ಸರಸ್ವತಮ್ಮ ಖಾಲಿ ಬಕೀಟಿಗೆ ನಲ್ಲಿ ಬಿಟ್ಟಳು. ಎದುರುಮನೆಯಲ್ಲಿ ಯಾರೋ ಕಾರಣವಿಲ್ಲದೆ ತಟ್ಟೆ ಬಡಿಯತೊಡಗಿದರು. ಕರೆಂಟ್ ಹೋದಾಗಲೆಲ್ಲ ಹೀಗೇ, ಹುಟ್ಟಿದಾಗಿನಿಂದ ಕಂಡದ್ದೇ. ಇವತ್ತು ಚೌಡೇಶ ಮೊದಲ ಸಲ ಕಿವಿಗೊಟ್ಟ: ಎಲ್ಲರೂ ಏನನ್ನು ಮುಚ್ಚುತ್ತಿದ್ದಾರೆ?

"ಅಪ್ಪಾ, ರೇಡಿಯೋ ಆರ್ಸು."

"ಆರ್ಸುದ್ರೆ ಕುಯ್ಯ್ ಅಂತದಲ್ಲ."

ಚೌಡೇಶನ ಕೈಯಲ್ಲಿದ್ದ ಲಾಳಿ ಜಾರಿ ಬಿತ್ತು. "ನಿಂಗೂ ಅದಾ? ಮತ್ಯಾಕೆ ಆ ಹುಡ್ಗೀಗೆ ಇಲ್ಲ ಅಂದೆ?"

"ಅವ್ಳು ಕೇಳಿದ್ದು ಬೇರೇರ್ಗೆ ಕೇಳಿಸ್ದೇ ಇರೋದ್ನ. ಇದು ಎಲ್ರಿಗೂ ಕೇಳಿಸ್ತದಲ್ಲ, ಮಗ್ಗ ನಿಂತ್ರೆ ಬರೋದು ಇದೇ ಅಲ್ವೇನ್ಲಾ? ನಿಂಗ್ ಈಗ್ ಬಂತಾ? ಸುಖದ ಕಿವಿ ಕಣ್ಲಾ ನಿಂದು."

"ಯಾವಾಗ ಓಯ್ತದೆ?"

"ಓಯ್ತದಾ? ಎಲ್ಲಿಗ್ ಓಯ್ತದೆ? ನೀನ್ ಉಟ್ಟೋಕ್ ಮುಂಚಿಂದ್ಲೂ ಅದೆ."

ಚೌಡೇಶ ಎದ್ದು ಓಡಿದ. ಬೀದಿ ತುದಿಯಲ್ಲಿ ಮೇಘನಾ ಯಳಂದೂರು ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

"ಅಕ್ಕಾ, ತಪ್ಪು ಬರ್ಕಂಡಿದ್ದೀಯ, ಅಳ್ಸು."

"ಯಾವ ಮನೇದು?"

ಅಷ್ಟರಲ್ಲಿ ಕರೆಂಟ್ ಬಂತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಕಿವಿಯೊಳಗಿನದು ಅದರಡಿ ಮುಳುಗಿತು. ಮೈ ಹಗುರಾಯಿತು. ಇನ್ನು ಸಾಯುವ ತನಕ ಈ ಗದ್ದಲವೇ ತನಗೆ ನೆರಳು ಅನ್ನಿಸಿ, ಮೊದಲಿಗಿಂತ ಹೆಚ್ಚು ಹೆದರಿದ.

"ಇಪ್ಪತ್ಮೂರೂ!" ಅಂತ ಕೂಗಿದ.

ಮೇಘನಾ ಕಿವಿಗೆ ಕೈ ಅಡ್ಡ ಇಟ್ಟು, ಏನು, ಕೇಳಿಸಲಿಲ್ಲ ಎಂಬಂತೆ ಅವನ ಬಾಯಿ ನೋಡಿದಳು.